ತಯಾರಿಕೆ ನಿಂತ ಟ್ಯಾಬ್ಲೆಟ್ ಮೂರನೇ ಒಂದು ಬೆಲೆಗೆ ಬಂದಿದೆ, ಕೊಳ್ಳಬಹುದೇ?

ಪ್ರಶ್ನೆ: ಮಗಳು ಮೊದಲ ಪಿಯುಸಿ ಸೇರಿದ್ದಾಳೆ. ನೋಟ್ಸ್‌ಗಳ ಪಿಡಿಎಫ್ ಓದಲು, ವಿಡಿಯೊ ಪಾಠ ನೋಡಲು, ಆಗಾಗ ಆನ್‌ಲೈನ್ ತರಗತಿಗೆ ಕೂರಲು ಒಂದು ಟ್ಯಾಬ್ಲೆಟ್ ಬೇಕು. ಆನ್‌ಲೈನ್ ಮಾರಾಟದಲ್ಲಿ 24,999 ರೂಪಾಯಿ ಎಂಆರ್‌ಪಿಯ 10.1 ಇಂಚಿನ ಟ್ಯಾಬ್ಲೆಟ್ 8,499ಕ್ಕೆ ಸಿಗುತ್ತಿದೆ. ಆ ಕಂಪನಿ ಟ್ಯಾಬ್ಲೆಟ್ ಮಾಡುವುದನ್ನೇ ನಿಲ್ಲಿಸಿದೆಯಂತೆ. ಆಂಡ್ರಾಯ್ಡ್ 11, 3 ಜಿಬಿ ರ್ಯಾಮ್, 32 ಜಿಬಿ ಸ್ಟೋರೇಜ್, 7,000 ಎಂಎಎಚ್ ಬ್ಯಾಟರಿ, ಸಿಮ್ ಹಾಕಬಹುದು. ಇದೇ ಮಾದರಿಯನ್ನು ಅಂಗಡಿಯೊಂದರಲ್ಲಿ ನೋಡಿದಾಗ ‘ಭದ್ರತಾ ಪ್ಯಾಚ್: ನವೆಂಬರ್ 2022’ ಎಂದಿತ್ತು. ‘ವಾಪಸ್ ಇಲ್ಲ, 7 ದಿನದೊಳಗೆ ಬದಲಿ ಮಾತ್ರ’ ಎಂಬ ಷರತ್ತಿದೆ. ಅಮೆರಿಕದಲ್ಲಿರುವ ನಮ್ಮ ಭಾವ 2011ರಲ್ಲಿ ಎಚ್‌ಪಿ ಟಚ್‌ಪ್ಯಾಡನ್ನು 99 ಡಾಲರ್‌ಗೆ ಕೊಂಡು ವರ್ಷಗಟ್ಟಲೆ ಬಳಸಿದ್ದರಂತೆ. ‘ಕಣ್ಣು ಮುಚ್ಚಿ ತಗೊಳ್ಳಿ’ ಅನ್ನುತ್ತಾರೆ. ತಗೊಳ್ಳಲೇ? ತಗೊಂಡರೆ ಏನೇನು ನೋಡಬೇಕು?
— ಒಬ್ಬ ಓದುಗರು, ಹಾಸನ

ಉತ್ತರ: 8,499ಕ್ಕೆ ಬೇಡ. ಇದೇ ಯಂತ್ರ 4,500ರ ಆಸುಪಾಸಿಗೆ ಇಳಿದರೆ, ಕೆಳಗೆ ಹೇಳಿದ ಪರೀಕ್ಷೆಗಳಲ್ಲಿ ಪಾಸಾದರೆ, ತಗೊಳ್ಳಿ. ಈ 4,500 ಎಲ್ಲಿಂದ ಬಂತು ಅನ್ನುವುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ. ಅದಕ್ಕೂ ಮೊದಲು ನಿಮ್ಮ ಭಾವನವರ ಮಾತಿಗೆ ಉತ್ತರಿಸಬೇಕು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಆ ಟಚ್‌ಪ್ಯಾಡ್ ವರ್ಷಗಟ್ಟಲೆ ಬಾಳಲು ಕೆಲವು ಕಾರಣಗಳಿದ್ದವು, ನೀವು ನೋಡಿರುವ ಯಂತ್ರಕ್ಕೆ ಅವು ಇಲ್ಲ.

ಎಚ್‌ಪಿ 2010ರಲ್ಲಿ ಪಾಮ್ ಕಂಪನಿಯನ್ನು 120 ಕೋಟಿ ಡಾಲರ್‌ಗೆ ಕೊಂಡಿತು. ಪಾಮ್‌ನ ವೆಬ್‌ಓಎಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮೇಲೆ ಟಚ್‌ಪ್ಯಾಡ್ ರೂಪುಗೊಂಡಿತು. 9.7 ಇಂಚಿನ ಪರದೆ, ಕ್ವಾಲ್‌ಕಾಮ್‌ನ ಎರಡು ಕೋರ್‌ಗಳ ಚಿಪ್, 1 ಜಿಬಿ ರ್ಯಾಮ್. ಆ ಕಾಲಕ್ಕೆ ಕಡಿಮೆಯೇನಲ್ಲ. 2011ರ ಜುಲೈ 1ರಂದು ಅಮೆರಿಕದ ಅಂಗಡಿಗಳಿಗೆ ಬಂದಾಗ 16 ಜಿಬಿಯದಕ್ಕೆ 499.99 ಡಾಲರ್, 32 ಜಿಬಿಯದಕ್ಕೆ 599.99 ಡಾಲರ್. ಐಪ್ಯಾಡ್‌ನ ಬೆಲೆಯಲ್ಲೇ, ಐಪ್ಯಾಡ್‌ಗಿಂತ ತೀರಾ ಕಡಿಮೆ ಆಪ್‌ಗಳಿದ್ದ ಯಂತ್ರ. ಮಾರಾಟ ಏಳಲಿಲ್ಲ. ಆಗಸ್ಟ್ 18ರಂದು, ಅಂದರೆ ಏಳು ವಾರ ಆಗುವಷ್ಟರಲ್ಲಿ, ವೆಬ್‌ಓಎಸ್ ಯಂತ್ರಗಳನ್ನು ನಿಲ್ಲಿಸುತ್ತಿದ್ದೇವೆ ಎಂದು ಎಚ್‌ಪಿ ಘೋಷಿಸಿತು. ಆ ವಾರಾಂತ್ಯದಲ್ಲೇ ಬೆಲೆ 99 ಮತ್ತು 149 ಡಾಲರ್‌ಗೆ ಕುಸಿಯಿತು. ಬ್ರಿಟನ್‌ನಲ್ಲಿ 89 ಮತ್ತು 115 ಪೌಂಡ್. ಬಿಡಿಭಾಗ ಮತ್ತು ಜೋಡಣೆಯ ಖರ್ಚೇ 300 ಡಾಲರ್ ದಾಟುತ್ತದೆ ಎಂದು ಆಗಿನ ವಿಶ್ಲೇಷಕರು ಅಂದಾಜಿಸಿದ್ದ ಯಂತ್ರ ಅದು. ಅಂಗಡಿಗಳ ಮುಂದೆ ಸಾಲು ನಿಂತಿತು, ಜಾಲತಾಣಗಳು ಕುಸಿದವು. ಕೆಲವು ಆನ್‌ಲೈನ್ ಅಂಗಡಿಗಳು ಇದ್ದ ದಾಸ್ತಾನಿಗಿಂತ ಹೆಚ್ಚು ಆರ್ಡರ್ ಹಿಡಿದು ಆಮೇಲೆ ರದ್ದು ಮಾಡಿದವು.

ನಷ್ಟದಲ್ಲಿ ಯಾಕೆ ಮಾರುತ್ತಾರೆ? ಯಂತ್ರ ಮಾಡಲು ಹಾಕಿದ ದುಡ್ಡು ಆಗಲೇ ಹೋಗಿದೆ, ಅದು ಹೇಗೂ ಬರುವುದಿಲ್ಲ. ಇನ್ನು ಉಳಿದಿರುವುದು ಗೋದಾಮಿನ ಬಾಡಿಗೆ, ಅಂಗಡಿಯವರು ಮಾರಾಟವಾಗದ ಸರಕನ್ನು ವಾಪಸ್ ಕಳಿಸುವ ಒತ್ತಡ, ದಿನಕ್ಕೊಂದಿಷ್ಟು ಸವಕಲಾಗುವ ಬ್ಯಾಟರಿ, ತಿಂಗಳಿಗೊಂದಿಷ್ಟು ಹಳತಾಗುವ ಚಿಪ್. ಆರು ತಿಂಗಳು ಕಾದರೆ 99 ಡಾಲರ್ ಕೂಡ ಹುಟ್ಟದು. ಹಾಗಾಗಿ ಬೇಗ ಖಾಲಿ ಮಾಡುವುದೇ ಅವರಿಗೆ ಉಳಿತಾಯ. ಇದು ಮಾರುವವರ ಲೆಕ್ಕ. ಕೊಳ್ಳುವವರ ಲೆಕ್ಕ ಬೇರೆ: ಇಳಿದಿರುವುದು ಗಾಜಿನ, ಚಿಪ್‌ನ ಬೆಲೆಯಲ್ಲ, ಮುಂದೆ ಈ ಯಂತ್ರವನ್ನು ಯಾರಾದರೂ ನೋಡಿಕೊಳ್ಳುತ್ತಾರೆ ಎಂಬ ಭರವಸೆಯ ಬೆಲೆ. ಆ ಭರವಸೆ ಇಲ್ಲದೆ ಎಷ್ಟು ದಿನ ಸಾಗುತ್ತದೆ ಎಂಬುದರ ಮೇಲೆ ರಿಯಾಯಿತಿ ದೊಡ್ಡದೋ ಚಿಕ್ಕದೋ ಎಂದು ಹೇಳಬೇಕು.

ಟಚ್‌ಪ್ಯಾಡ್ ಕೊಂಡವರ ಅದೃಷ್ಟ ಇದ್ದದ್ದು ಮೂರು ಸಂಗತಿಗಳಲ್ಲಿ. ಅದರ ಬೂಟ್‌ಲೋಡರ್‌ಗೆ (ಆನ್ ಮಾಡಿದಾಗ ಮೊದಲು ಓಡಿ ಕಾರ್ಯಾಚರಣೆ ವ್ಯವಸ್ಥೆಯನ್ನು ಎಬ್ಬಿಸುವ ತಂತ್ರಾಂಶ) ಬೀಗವಿರಲಿಲ್ಲ, ಬೇರೆ ವ್ಯವಸ್ಥೆಯನ್ನು ಹಾಕಲು ಕಂಪನಿಯ ಅಪ್ಪಣೆ ಬೇಕಿರಲಿಲ್ಲ. ಚಿಪ್ ಆಗಿನ ಆಂಡ್ರಾಯ್ಡ್ ಫೋನ್‌ಗಳಲ್ಲಿದ್ದ ಕುಟುಂಬದ್ದೇ. ಮತ್ತು ಕೆಲವೇ ವಾರಗಳಲ್ಲಿ ಅದು ಅಪಾರ ಜನರ ಕೈಗೆ ಹೋಯಿತು, ಅವರಲ್ಲಿ ಪ್ರೋಗ್ರಾಮರ್‌ಗಳೂ ಬಹಳ ಇದ್ದರು. ಅಕ್ಟೋಬರ್ 2011ರಲ್ಲೇ ಸಯನೋಜೆನ್‌ಮಾಡ್ 7ರ, ಅಂದರೆ ಹವ್ಯಾಸಿಗಳು ಬದಲಿಸಿ ರೂಪಿಸಿದ ಆಂಡ್ರಾಯ್ಡ್‌ನ, ಮೊದಲ ಆವೃತ್ತಿ ಬಂತು. 2012ರ ಜನವರಿಯಲ್ಲಿ ಆಂಡ್ರಾಯ್ಡ್ 4.0 ಆಧರಿಸಿದ ಸಯನೋಜೆನ್‌ಮಾಡ್ 9. ನಿಮ್ಮ ಭಾವ ವರ್ಷಗಟ್ಟಲೆ ಬಳಸಿದ್ದು ಬಹುಶಃ ಇದನ್ನೇ. ವೆಬ್‌ಓಎಸ್‌ನಲ್ಲೇ ಉಳಿದವರ ಕಥೆ ಬೇರೆ. 2013ರ ಜುಲೈನಲ್ಲಿ ಅದರ ಮೂಲ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯಿತು. ಮೊದಲೇ ಅಪ್‌ಡೇಟ್ ಹಾಕಿಕೊಳ್ಳದವರಿಗೆ ಎಚ್‌ಪಿ ಸೇವೆಗಳು ತಪ್ಪಿದವು. 2015ರ ಜನವರಿ 15ಕ್ಕೆ ಆಪ್ ಕ್ಯಾಟಲಾಗ್, ಬ್ಯಾಕಪ್ ಎಲ್ಲದರ ಸರ್ವರ್‌ಗಳೂ ನಿಂತವು.

ಇನ್ನೊಂದು ಉದಾಹರಣೆ ನಮ್ಮ ದೇಶದ ಅಂಗಡಿಗಳದ್ದೇ. ಬ್ಲ್ಯಾಕ್‌ಬೆರಿ ಪ್ಲೇಬುಕ್ 2011ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ 16 ಜಿಬಿಯದಕ್ಕೆ 27,990 ರೂಪಾಯಿ. ಅದೇ ವರ್ಷದ ಡಿಸೆಂಬರ್‌ನಲ್ಲಿ 13,490. ಅರ್ಧ ಬೆಲೆ ಎಂದು ಕೊಂಡವರು ಬಹಳ. 7 ಇಂಚಿನ ಪರದೆ ಚೆನ್ನಾಗಿತ್ತು, ಕಟ್ಟುವಿಕೆ ಗಟ್ಟಿ. ಆದರೆ ಯಂತ್ರದಲ್ಲೇ ಇಮೇಲ್ ಆಪ್ ಬಂದದ್ದು 2012ರ ಫೆಬ್ರುವರಿಯಲ್ಲಿ. ಬ್ಲ್ಯಾಕ್‌ಬೆರಿ 10 ಬರುತ್ತದೆ ಎಂದು ಕಾದವರಿಗೆ 2013ರ ಜೂನ್‌ನಲ್ಲಿ ‘ಬರುವುದಿಲ್ಲ’ ಎಂಬ ಉತ್ತರ ಸಿಕ್ಕಿತು. ಬೂಟ್‌ಲೋಡರ್‌ಗೆ ಬೀಗ ಬಿದ್ದಿದ್ದರಿಂದ ಅದಕ್ಕೆ ಟಚ್‌ಪ್ಯಾಡ್‌ನಂಥ ಎರಡನೇ ಬದುಕು ಸಿಗಲಿಲ್ಲ. ಉಳಿದ ಸೇವೆಗಳೂ 2022ರ ಜನವರಿ 4ಕ್ಕೆ ಮುಗಿದವು. ಮೈಕ್ರೊಸಾಫ್ಟ್‌ನ ಸರ್ಫೇಸ್ ಆರ್‌ಟಿಯದೂ ಇದೇ ದಾರಿ: 2013ರಲ್ಲಿ 499 ಡಾಲರ್‌ನಿಂದ 349ಕ್ಕೆ ಇಳಿಯಿತು, ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಹೆಸರಲ್ಲಿ ವಿಂಡೋಸ್ ಇದ್ದರೂ ಮಾಮೂಲಿ ವಿಂಡೋಸ್ ತಂತ್ರಾಂಶ ಹಾಕಲು ಬರುವುದಿಲ್ಲ ಎಂದು ಎಷ್ಟೋ ಜನರಿಗೆ ಗೊತ್ತಾದದ್ದು ಮನೆಗೆ ತಂದ ಮೇಲೆ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ನೆಮ್ಮದಿಯ ವಿಷಯ ಏನೆಂದರೆ ಅದು ಆಂಡ್ರಾಯ್ಡ್. ತಯಾರಿಸಿದ ಕಂಪನಿ ಹಿಂದೆ ಸರಿದರೂ ಗೂಗಲ್ ಇದ್ದೇ ಇದೆ. ಪ್ಲೇ ಸ್ಟೋರ್, ಪ್ಲೇ ಸರ್ವಿಸಸ್ ತಾವಾಗಿ ನವೀಕರಣಗೊಳ್ಳುತ್ತವೆ. ಆಂಡ್ರಾಯ್ಡ್ 10ರಿಂದೀಚೆಗೆ ವ್ಯವಸ್ಥೆಯ ಕೆಲವು ಭಾಗಗಳೂ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಮೂಲಕ ಬರಬಹುದು. ಆದರೆ ವ್ಯವಸ್ಥೆಯ ತಿರುಳಾದ ಕರ್ನಲ್, ಚಿಪ್ಪನ್ನು ನಡೆಸುವ ಡ್ರೈವರ್‌ಗಳು, ವೈ-ಫೈ ಮತ್ತು ಬ್ಲೂಟೂತ್‌ನ ಒಳ ತಂತ್ರಾಂಶ ಇವನ್ನು ಸರಿಪಡಿಸಬೇಕಾದವರು ತಯಾರಕರೇ. ಭದ್ರತೆಯ ತೂತು ಮುಚ್ಚುವ ಅಪ್‌ಡೇಟೇ ಪ್ಯಾಚ್. ಕೊನೆಯದು ನವೆಂಬರ್ 2022ರದು ಎಂದರೆ ಅಂದಿನಿಂದ ಸಿಕ್ಕ ಇಂಥ ತೂತುಗಳೆಲ್ಲ ಆ ಯಂತ್ರದಲ್ಲಿ ತೆರೆದೇ ಇವೆ. ನೋಟ್ಸ್ ಓದುವುದಕ್ಕೆ ಇದು ತೊಡಕಲ್ಲ. ಆದರೆ ಅದರಲ್ಲಿ ಬ್ಯಾಂಕ್ ಆಪ್, ಯುಪಿಐ, ಮನೆಯವರ ಮುಖ್ಯ ಗೂಗಲ್ ಖಾತೆ ಇವನ್ನು ಹಾಕಬೇಡಿ. ಮಗಳಿಗೆ ಪ್ರತ್ಯೇಕ ಖಾತೆ ತೆರೆದು ಅದನ್ನೇ ಹಾಕಿ.

ಇನ್ನು ಎಷ್ಟು ದಿನ ಬಾಳುತ್ತದೆ ಎನ್ನುವುದನ್ನು ಅಂದಾಜಿಸಲು ಕ್ರೋಮ್ ಬ್ರೌಸರ್ ಒಳ್ಳೆಯ ಅಳತೆಗೋಲು. ಆಂಡ್ರಾಯ್ಡ್ 7 ಬಂದದ್ದು 2016ರ ಆಗಸ್ಟ್‌ನಲ್ಲಿ. ಕ್ರೋಮ್ ಅದನ್ನು ಕೈಬಿಟ್ಟದ್ದು 2023ರ ಕೊನೆಗೆ. ಆಂಡ್ರಾಯ್ಡ್ 9 ಬಂದದ್ದು 2018ರ ಆಗಸ್ಟ್‌ನಲ್ಲಿ. ಕ್ರೋಮ್ ಅದನ್ನು, ಆಂಡ್ರಾಯ್ಡ್ 8ರ ಜೊತೆಗೆ, ಬಿಟ್ಟದ್ದು 2025ರಲ್ಲಿ. ಅಂದರೆ ಹೆಚ್ಚೂಕಡಿಮೆ ಏಳು ವರ್ಷ. ಆಂಡ್ರಾಯ್ಡ್ 11 ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಇದೇ ನಡಿಗೆ ಮುಂದುವರಿದರೆ 2027ರ ಕೊನೆಯ ಹೊತ್ತಿಗೆ ನಿಮ್ಮ ಯಂತ್ರದ ಬ್ರೌಸರ್ ನಿಂತಲ್ಲೇ ನಿಲ್ಲುತ್ತದೆ. ಆ ದಿನವೇ ಯಂತ್ರ ಸಾಯುವುದಿಲ್ಲ. ಮೊದಲು ಕಾಲೇಜಿನ ಪೋರ್ಟಲ್ ‘ನಿಮ್ಮ ಬ್ರೌಸರ್ ಹಳೆಯದು’ ಎನ್ನುತ್ತದೆ, ಆಮೇಲೆ ಒಂದೊಂದೇ ಆಪ್ ಪ್ಲೇ ಸ್ಟೋರ್‌ನಲ್ಲಿ ‘ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ’ ಎನ್ನುತ್ತದೆ. ಹಾಕಿಕೊಂಡಿದ್ದ ಆಪ್ ಕೆಲಸ ಮಾಡುತ್ತಿರುತ್ತದೆ, ಫ್ಯಾಕ್ಟರಿ ರೀಸೆಟ್ ಮಾಡಿ ಎಲ್ಲ ಅಳಿಸಿದರೆ ಮತ್ತೆ ಸಿಗದೇ ಹೋಗಬಹುದು. ಹಾಗಾಗಿ ಒಂದು ಹಂತ ದಾಟಿದ ಹಳೆಯ ಟ್ಯಾಬ್ಲೆಟ್ಟನ್ನು ‘ನಿಧಾನವಾಗಿದೆ’ ಎಂದು ರೀಸೆಟ್ ಮಾಡಲೇಬಾರದು.

ಕೊನೆಗೆ ಬರುವುದು ಪ್ರಮಾಣಪತ್ರಗಳ ಸಮಸ್ಯೆ. ಸುರಕ್ಷಿತ ಜಾಲತಾಣ ತೆರೆಯುವಾಗ ಯಂತ್ರ ತನ್ನೊಳಗಿನ ನಂಬಿಕಸ್ಥರ ಪಟ್ಟಿ ನೋಡುತ್ತದೆ. ಪಟ್ಟಿಯಲ್ಲಿರುವವರ ಅವಧಿ ಮುಗಿದು ಹೊಸಬರು ಸೇರದಿದ್ದರೆ ತಾಣ ತೆರೆಯುವುದಿಲ್ಲ. 2021ರ ಸೆಪ್ಟೆಂಬರ್ 30ರಂದು ಅಂಥ ಒಂದು ಮೂಲ ಪ್ರಮಾಣಪತ್ರದ ಅವಧಿ ಮುಗಿದು ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಯಂತ್ರಗಳಿಗೆ ಅಸಂಖ್ಯ ತಾಣಗಳು ತಪ್ಪಿಹೋಗುವುದರಲ್ಲಿದ್ದವು. ವಿಶೇಷ ಏರ್ಪಾಡು ಮಾಡಿ ಇನ್ನು ಮೂರು ವರ್ಷ ದೂಡಿದರು. ಈ ಪಟ್ಟಿಯನ್ನು ಗೂಗಲ್ ತಾನೇ ನವೀಕರಿಸುವ ಅನುಕೂಲ ಬಂದದ್ದು ಆಂಡ್ರಾಯ್ಡ್ 14ರಲ್ಲಿ. 11ರಲ್ಲಿ ಅದಿಲ್ಲ. ಆದರೂ ನಿಮ್ಮ ಯಂತ್ರಕ್ಕೆ ಈ ತೊಂದರೆ ಬರುವಷ್ಟರಲ್ಲಿ ಬ್ಯಾಟರಿಯೇ ಹೋಗಿರುತ್ತದೆ.

ಲೆಕ್ಕಕ್ಕೆ ಬರೋಣ. ಈಗ ತಯಾರಿಕೆಯಲ್ಲಿರುವ, 5 ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂದು ಕಂಪನಿಯೇ ಬರೆದುಕೊಟ್ಟಿರುವ ಒಂದು ಟ್ಯಾಬ್ಲೆಟ್ 16,000 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,200 ಬಿತ್ತು. ನೀವು ನೋಡಿರುವುದು ನಿರಾಳವಾಗಿ ಬಳಸಲು ಸಿಗುವುದು ಹೆಚ್ಚೆಂದರೆ ಎರಡು ವರ್ಷ. 8,499ನ್ನು ಎರಡರಿಂದ ಭಾಗಿಸಿದರೆ ವರ್ಷಕ್ಕೆ ಸುಮಾರು 4,250. ಅಗ್ಗದ್ದೇ ದುಬಾರಿಯಾಯಿತು! ಸಮ ಆಗಬೇಕಾದರೆ 2 ಗುಣಿಸು 3,200, ಅಂದರೆ 6,400 ದಾಟಬಾರದು. ಅದರಲ್ಲೂ ಗೋದಾಮಿನಲ್ಲಿ ಕೂತ ಬ್ಯಾಟರಿ ಬದಲಿಸಬೇಕಾದೀತು ಎಂದು 2,000 ಎತ್ತಿಡಿ. ಉಳಿದದ್ದು 4,400. ‘4,500ರ ಆಸುಪಾಸು’ ಎಂದದ್ದು ಇದೇ. ಬೇರೆ ಯಾವ ಮಾದರಿಗಾದರೂ ಇದೇ ಸೂತ್ರ ಹಾಕಿ: ಉಳಿದ ವರ್ಷಗಳನ್ನು ಹೊಸದರ ವಾರ್ಷಿಕ ಖರ್ಚಿನಿಂದ ಗುಣಿಸಿ, ಬ್ಯಾಟರಿಯ ದುಡ್ಡು ಕಳೆಯಿರಿ. ಎಂಆರ್‌ಪಿಯ ಮೇಲೆ ಹಾಕಿದ ‘ಶೇ 66 ರಿಯಾಯಿತಿ’ಯನ್ನು ಲೆಕ್ಕಕ್ಕೇ ತಗೊಳ್ಳಬೇಡಿ, ಆ ಎಂಆರ್‌ಪಿಗೆ ಆ ಯಂತ್ರ ಎಂದಾದರೂ ಮಾರಾಟವಾಗಿತ್ತೇ ಎಂದು ಬೆಲೆಯ ಇತಿಹಾಸ ತೋರಿಸುವ ತಾಣದಲ್ಲಿ ನೋಡಿ. ಹಿಂದಿನ ಆರು ತಿಂಗಳೂ 10 ಸಾವಿರದ ಹತ್ತಿರವೇ ಇದ್ದರೆ ನಿಮಗೆ ಸಿಗುತ್ತಿರುವುದು ಒಂದೂವರೆ ಸಾವಿರದ ರಿಯಾಯಿತಿ ಮಾತ್ರ.

32 ಜಿಬಿ ಬಗ್ಗೆಯೂ ಒಂದು ಮಾತು. ವ್ಯವಸ್ಥೆ ಮತ್ತು ಜೊತೆಗೆ ಬರುವ ಆಪ್‌ಗಳೇ ಅದರಲ್ಲಿ ಅರ್ಧದಷ್ಟನ್ನು ನುಂಗುತ್ತವೆ. ಪಿಡಿಎಫ್, ಇಳಿಸಿಕೊಂಡ ವಿಡಿಯೊಗಳನ್ನು ಎಸ್‌ಡಿ ಕಾರ್ಡಿಗೆ ಹಾಕಬಹುದು, ಆದರೆ ಹಲವು ಟ್ಯಾಬ್ಲೆಟ್‌ಗಳಲ್ಲಿ ಆಪ್‌ಗಳು ಕಾರ್ಡಿಗೆ ಹೋಗುವುದಿಲ್ಲ. ಒಳ ಸ್ಟೋರೇಜ್‌ನಲ್ಲಿ ಖಾಲಿ ಜಾಗ 2 ಜಿಬಿಗಿಂತ ಕೆಳಗಿಳಿದರೆ ಅಪ್‌ಡೇಟ್‌ಗಳು ನಿಲ್ಲುತ್ತವೆ, ಯಂತ್ರ ತಡವರಿಸುತ್ತದೆ. 3 ಜಿಬಿ ರ್ಯಾಮ್‌ನಲ್ಲಿ ಒಂದು ಕಡೆ ಆನ್‌ಲೈನ್ ತರಗತಿ, ಇನ್ನೊಂದು ಕಡೆ ನೋಟ್ಸ್ ಎಂದು ಪರದೆ ಹಂಚಿಕೊಂಡರೆ ಒಂದು ಆಪ್ ಹಿಂದೆ ಮುಚ್ಚಿಹೋಗುತ್ತಿರುತ್ತದೆ. ಪಿಯುಸಿ ವಿದ್ಯಾರ್ಥಿನಿಗೆ ಇದೇ ದಿನನಿತ್ಯದ ಕಿರಿಕಿರಿ ಆಗುವುದು. ನನ್ನ ಮಟ್ಟಿಗೆ ಪ್ಯಾಚ್‌ಗಿಂತಲೂ ಇದು ದೊಡ್ಡ ಕೊರತೆ.

ಬೆಲೆ ಇಳಿದು ನೀವು ಕೊಂಡೇ ಬಿಟ್ಟಿರಿ ಎನ್ನೋಣ. ಆ 7 ದಿನಗಳು ನಿಮ್ಮ ಪರೀಕ್ಷೆಯ ಅವಧಿ, ಮೊದಲ ದಿನವೇ ಶುರುಮಾಡಿ.

ಡಬ್ಬಿ ಒಡೆಯುವ ಮೊದಲು ಮೊಬೈಲ್‌ನಲ್ಲಿ ನಿಲ್ಲಿಸದೆ ವಿಡಿಯೊ ಹಿಡಿಯಿರಿ: ಕೊರಿಯರ್ ಚೀಟಿ, ಸೀಲ್, ಡಬ್ಬಿಯ ಲೇಬಲ್, ಯಂತ್ರ ಹೊರಬರುವುದು, ಮೊದಲ ಸಲ ಆನ್ ಆಗುವುದು, ಎಲ್ಲ ಒಂದೇ ವಿಡಿಯೊದಲ್ಲಿ. ಲೇಬಲ್‌ನಲ್ಲಿ ತಯಾರಾದ ಅಥವಾ ಆಮದಾದ ತಿಂಗಳು-ವರ್ಷ, ಎಂಆರ್‌ಪಿ, ಆಮದುದಾರರ ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ಇರಲೇಬೇಕು. 2011ರ ಪೊಟ್ಟಣ ಸರಕುಗಳ ಕಾನೂನುಮಾಪನ ನಿಯಮ ಅದನ್ನು ಕಡ್ಡಾಯ ಮಾಡಿದೆ. ಆ ತಿಂಗಳು-ವರ್ಷದಿಂದಲೇ ಬ್ಯಾಟರಿ ಎಷ್ಟು ಕಾಲ ಕೂತಿತ್ತು ಎಂದು ತಿಳಿಯುತ್ತದೆ. ಬಿಐಎಸ್ ಗುರುತಿನ ಪಕ್ಕ ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರಬೇಕು. ಸಿಮ್ ಹಾಕುವ ಯಂತ್ರವಾದ್ದರಿಂದ ಐಎಂಇಐ ಸಂಖ್ಯೆಯೂ (ಪ್ರತಿ ಯಂತ್ರಕ್ಕೂ ಬೇರೆಯಾದ ಗುರುತಿನ ಸಂಖ್ಯೆ) ಇದೆ. ಡಬ್ಬಿ, ಬಿಲ್ಲು, ಯಂತ್ರದ ಸೆಟ್ಟಿಂಗ್ಸ್ ಮೂರರಲ್ಲೂ ಅದು ಒಂದೇ ಇರಬೇಕು. ನಿಮ್ಮ ಮೊಬೈಲ್‌ನಿಂದ ‘ಕೆವೈಎಂ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು ಆ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಕಪ್ಪುಪಟ್ಟಿಯಲ್ಲಿದೆಯೇ, ಬೇರೆಲ್ಲೋ ಬಳಕೆಯಲ್ಲಿದೆಯೇ ಎಂದು ದೂರಸಂಪರ್ಕ ಇಲಾಖೆಯ ಉತ್ತರ ಬರುತ್ತದೆ. ‘ಹೊಸದು’ ಎಂದು ಮಾರಿದ ರಿಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿದ) ಯಂತ್ರಗಳು ಈ ಹಂತದಲ್ಲಿ ಸಿಕ್ಕಿಬೀಳಬಹುದು.

ಬ್ಯಾಟರಿಯ ಮೇಲೆ ಹೆಚ್ಚು ಸಮಯ ಕೊಡಿ, ತಯಾರಿಕೆ ನಿಂತ ಯಂತ್ರಗಳಲ್ಲಿ ಮೊದಲು ಕೈಕೊಡುವುದು ಅದೇ. ಲಿಥಿಯಂ ಅಯಾನ್ ಬ್ಯಾಟರಿ ಸುಮ್ಮನೆ ಕೂತರೂ ನಿಧಾನವಾಗಿ ಖಾಲಿಯಾಗುತ್ತದೆ. ಅರ್ಧ ಚಾರ್ಜ್ ಮಾಡಿ ಡಬ್ಬಿಗೆ ಹಾಕಿದ್ದು ವರ್ಷಗಟ್ಟಲೆ, ಅದೂ ಬೇಸಿಗೆಯ ತಗಡಿನ ಗೋದಾಮಿನಲ್ಲಿ ಕೂತರೆ, ಕೋಶದ ವೋಲ್ಟೇಜ್ ಅಪಾಯದ ಗೆರೆಯಿಂದ ಕೆಳಗಿಳಿಯುತ್ತದೆ. ಆಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದು ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗುವ ಅಪಾಯ. ಇದಕ್ಕೇ ರಕ್ಷಣಾ ಸರ್ಕ್ಯೂಟ್ ಬೀಗ ಹಾಕಿ ಚಾರ್ಜನ್ನೇ ನಿರಾಕರಿಸುವುದು. ಟಚ್‌ಪ್ಯಾಡ್, ಪ್ಲೇಬುಕ್ ಎರಡರಲ್ಲೂ ಪೂರ್ತಿ ಖಾಲಿಯಾದ ಮೇಲೆ ಎದ್ದೇಳದ ತೊಂದರೆ ಹೆಸರುವಾಸಿಯಾಗಿತ್ತು.

ಡಬ್ಬಿಯಿಂದ ತೆಗೆದ ಯಂತ್ರ ಆನ್ ಆಗದಿದ್ದರೆ ಗಾಬರಿ ಬೇಡ. ಜೊತೆಗೆ ಬಂದ ಕೇಬಲ್‌ನಲ್ಲಿ, 5 ವೋಲ್ಟ್ 2 ಆಂಪಿಯರ್‌ನ ಚಾರ್ಜರ್‌ಗೆ ಹಾಕಿ ಅರ್ಧ ಗಂಟೆ ಮುಟ್ಟದೆ ಬಿಡಿ. ತೆಳು ಕೇಬಲ್, ಲ್ಯಾಪ್‌ಟಾಪ್‌ನ ಯುಎಸ್‌ಬಿ ಕಿಂಡಿ ಇವು ಕೊಡುವ ಕರೆಂಟು ಸಾಲದೆ ಯಂತ್ರ ಎದ್ದು ಮತ್ತೆ ಬೀಳುತ್ತಿರುತ್ತದೆ. ಅರ್ಧ ಗಂಟೆಯ ನಂತರ ಪವರ್ ಗುಂಡಿಯನ್ನು 20 ಸೆಕೆಂಡ್ ಒತ್ತಿ ಹಿಡಿಯಿರಿ. ಮೂರು ಗಂಟೆಯಾದರೂ ಬ್ಯಾಟರಿಯ ಚಿತ್ರ ಕಾಣದಿದ್ದರೆ ಬದಲಿ ಕೇಳಿ, ಅಂಗಡಿಯವರ ಮಾತು ಕೇಳಿ ರಾತ್ರಿಯಿಡೀ ಚಾರ್ಜ್‌ಗೆ ಹಾಕಿ ಮಲಗಬೇಡಿ. ಆನ್ ಆದರೆ ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆಗಳನ್ನು ಒತ್ತಿ ನೋಡಿ. ಅಲ್ಲಾಡಿದರೆ, ಪರದೆಯ ಅಂಚು ಎದ್ದಿದ್ದರೆ, ಬ್ಯಾಟರಿ ಉಬ್ಬಿದೆ. ಅಂಥದ್ದನ್ನು ಮತ್ತೆ ಚಾರ್ಜ್ ಮಾಡಲೇಬಾರದು.

ಆಮೇಲೆ ಅಳತೆ. ಖಾಲಿಯಾದ 7,000 ಎಂಎಎಚ್ ಬ್ಯಾಟರಿ 10 ವ್ಯಾಟ್ ಚಾರ್ಜರ್‌ನಲ್ಲಿ ಪೂರ್ತಿ ತುಂಬಲು ಮೂರೂವರೆಯಿಂದ ನಾಲ್ಕು ಗಂಟೆ ಬೇಕು. ಒಂದೂವರೆ ಗಂಟೆಗೇ ಶೇ 100 ತೋರಿಸಿದರೆ ಒಳಗೆ ಜಾಗವೇ ಕುಗ್ಗಿದೆ ಎಂದರ್ಥ. ತುಂಬಿದ ಮೇಲೆ ಪ್ರಕಾಶ ಅರ್ಧಕ್ಕಿಟ್ಟು, ವೈ-ಫೈಯಲ್ಲಿ ಒಂದು ಗಂಟೆ ಯೂಟ್ಯೂಬ್ ಪಾಠ ಓಡಿಸಿ. ಶೇ 10ರಿಂದ 13ರಷ್ಟು ಇಳಿದರೆ ಸರಿ. 20 ದಾಟಿದರೆ ಬದಲಿ ಕೇಳಿ. ಶೇ 30ರಿಂದ ಒಮ್ಮೆಲೇ ಆಫ್ ಆಗುತ್ತದೆಯೇ ಎಂಬುದನ್ನೂ ಒಂದು ದಿನ ನೋಡಿ.

ಉಳಿದ ಪರೀಕ್ಷೆಗಳು ಬೇಗ ಮುಗಿಯುತ್ತವೆ. ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್’ ಒತ್ತಿದರೆ ‘ಪ್ಲೇ ಪ್ರೊಟೆಕ್ಟ್ ಪ್ರಮಾಣಿತ’ ಎಂದು ಬರಬೇಕು. ಬರದಿದ್ದರೆ ಅರ್ಧ ಆಪ್‌ಗಳು ಇಂದಲ್ಲ ನಾಳೆ ಕಾಡುತ್ತವೆ. ಡಿಆರ್‌ಎಂ (ವಿಡಿಯೊ ನಕಲು ತಡೆ) ಮಾಹಿತಿ ತೋರಿಸುವ ಯಾವುದಾದರೂ ಆಪ್ ಹಾಕಿ, ಗೂಗಲ್‌ನ ಅಂಥ ತಡೆಯಾದ ವೈಡ್‌ವೈನ್‌ನ ಹಂತ ನೋಡಿ: ಎಲ್1 ಇದ್ದರೆ ಒಟಿಟಿ ಚಿತ್ರಗಳು ಎಚ್‌ಡಿಯಲ್ಲಿ, ಎಲ್3 ಇದ್ದರೆ ಮಸುಕಾದ 480ಪಿಯಲ್ಲಿ. ಓದಿಗೆ ಇದು ಮುಖ್ಯವಲ್ಲ. ಒಂದು ಐಕಾನನ್ನು ಬೆರಳಲ್ಲಿ ಹಿಡಿದು ಪರದೆಯ ಮೂಲೆಮೂಲೆಗೂ ಎಳೆಯಿರಿ, ಎಲ್ಲಾದರೂ ಜಾರಿಬಿಟ್ಟರೆ ಅಲ್ಲಿ ಸ್ಪರ್ಶ ಸತ್ತಿದೆ. ಚಾರ್ಜಿಂಗ್ ಕಿಂಡಿಯಲ್ಲಿ ಕೇಬಲ್ ಅಲ್ಲಾಡಿದಾಗ ಚಾರ್ಜ್ ನಿಲ್ಲಬಾರದು. ಮಗಳಿಗೆ ಬೇಕಾದ ಆಪ್‌ಗಳನ್ನೆಲ್ಲ, ಕಾಲೇಜಿನದು, ತರಗತಿಯದು, ದೀಕ್ಷಾ, ಕನ್ನಡ ಕೀಲಿಮಣೆ, ಆ ವಾರದಲ್ಲೇ ಹಾಕಿ ಲಾಗಿನ್ ಆಗಿ ಹತ್ತು ನಿಮಿಷವಾದರೂ ಬಳಸಿ. ಸಿಮ್ ಹಾಕಿ ಮನೆಯ ಒಳಕೋಣೆಯಲ್ಲಿ ಡೇಟಾ ಬರುತ್ತದೆಯೇ ನೋಡಿ. ವಿದೇಶದಿಂದ ಬಂದ ಮಾದರಿಯಾದರೆ ಇದು ಇನ್ನೂ ಮುಖ್ಯ: ಜಿಯೊ 4ಜಿ ನಡೆಯುವುದು ಬ್ಯಾಂಡ್ (ತರಂಗಗಳ ಪಟ್ಟಿ) 3, 5 ಮತ್ತು 40ರಲ್ಲಿ, ಅಮೆರಿಕಕ್ಕೆಂದೇ ಮಾಡಿದ ಎಷ್ಟೋ ಯಂತ್ರಗಳಲ್ಲಿ ಬ್ಯಾಂಡ್ 40 ಇರುವುದಿಲ್ಲ. ಭಾವನವರು ಅಲ್ಲಿಂದ ಅಗ್ಗಕ್ಕೆ ಕೊಂಡು ಕಳಿಸುತ್ತೇನೆ ಎಂದರೆ ವೈ-ಫೈ ಮಾತ್ರ ಇರುವುದನ್ನೇ ಹೇಳಿ, ಮತ್ತು ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳಿಕೊಳ್ಳಲಿ.

ಕಂಪನಿ ಹಿಂದೆ ಸರಿದ ಮೇಲೂ ವಾರಂಟಿ ಬಿಲ್ಲಿನ ದಿನದಿಂದ ನಡೆಯಬೇಕು. ಆದರೆ ಯಾವ ಊರಿನ ಸರ್ವಿಸ್ ಸೆಂಟರ್, ಪರದೆ-ಬ್ಯಾಟರಿ ದಾಸ್ತಾನಿದೆಯೇ, ಬ್ಯಾಟರಿಗೆ ಎಷ್ಟು ತಿಂಗಳು ವಾರಂಟಿ, ಇವನ್ನು ಕೊಳ್ಳುವ ಮೊದಲೇ ಇಮೇಲ್‌ನಲ್ಲಿ ಕೇಳಿ. ಫೋನಿನ ಉತ್ತರ ಸಾಕ್ಷಿಯಾಗುವುದಿಲ್ಲ. ಉತ್ತರವೇ ಬರದಿದ್ದರೆ ವಾರಂಟಿ ಇಲ್ಲವೆಂದೇ ತಿಳಿದು ಬೆಲೆ ಕಟ್ಟಿ.

‘ವಾಪಸ್ ಇಲ್ಲ’ ಎಂಬ ಷರತ್ತಿಗೆ ಹೆದರಬೇಕಿಲ್ಲ. ಮನಸ್ಸು ಬದಲಾಯಿತು ಎಂದು ಹಿಂದಿರುಗಿಸಲು ಅದು ಅಡ್ಡಬರುತ್ತದೆ, ನಿಜ. ಆದರೆ ದೋಷವಿರುವ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. ದಾಸ್ತಾನು ಖಾಲಿಯಾಗಿ ಬದಲಿ ಕೊಡಲು ಯಂತ್ರವೇ ಇಲ್ಲದಿದ್ದರೆ ಬೇರೆ ಮಾದರಿ ಒಪ್ಪಿಕೊಳ್ಳಬೇಡಿ, ಹಣವನ್ನೇ ಕೇಳಿ. ಮೊದಲು ಮಾರಾಟ ತಾಣದ ಕುಂದುಕೊರತೆ ಅಧಿಕಾರಿಗೆ ವಿಡಿಯೊ, ಬಿಲ್ಲಿನೊಂದಿಗೆ ಬರೆಯಿರಿ. ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ: ನೀವಿರುವ ಹಾಸನದಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ತೊಂದರೆ ಉಂಟಾದ ದಿನದಿಂದ ಎರಡು ವರ್ಷದ ಅವಕಾಶವಿದೆ.

ಟಚ್‌ಪ್ಯಾಡ್‌ನಂತೆ ಇದಕ್ಕೂ ಬೇರೆ ಆಂಡ್ರಾಯ್ಡ್ ಹಾಕಬಹುದಲ್ಲ ಎಂದು ಭಾವನವರು ಕೇಳಿಯಾರು. ಸಯನೋಜೆನ್‌ಮಾಡ್‌ನ ಮುಂದುವರಿಕೆಯಾದ ಲಿನಿಯೇಜ್‌ಓಎಸ್‌ನ ಸಾಧನಗಳ ಪಟ್ಟಿಯಲ್ಲಿ ನಿಮ್ಮ ಮಾದರಿಯ ಸಂಖ್ಯೆ, ಹೆಸರಲ್ಲ ಸಂಖ್ಯೆ, ಇದೆಯೇ ನೋಡಲಿ. ಒಂದೇ ಹೆಸರಲ್ಲಿ ವೈ-ಫೈಯದಕ್ಕೊಂದು, ಸಿಮ್‌ನದಕ್ಕೊಂದು ಬೇರೆ ಬೇರೆ ಚಿಪ್ ಇರುವುದುಂಟು. ಪಟ್ಟಿಯಲ್ಲಿಲ್ಲದಿದ್ದರೆ ಆಸೆ ಬಿಡಿ. ಅಗ್ಗದ ಟ್ಯಾಬ್ಲೆಟ್‌ಗಳ ತಂತ್ರಾಂಶದ ಮೂಲ ಸಂಕೇತ (ಸೋರ್ಸ್ ಕೋಡ್) ಸಿಗುವುದೇ ಕಷ್ಟ. ಇದ್ದರೂ ಬೂಟ್‌ಲೋಡರ್ ತೆರೆದ ಮೇಲೆ ಯಂತ್ರದೊಳಗಿನದೆಲ್ಲ ಅಳಿಸಿಹೋಗುತ್ತದೆ, ಕೆಲವು ಆಪ್‌ಗಳು ಭದ್ರತಾ ತಪಾಸಣೆಯಲ್ಲಿ ಇದನ್ನು ತಿರಸ್ಕರಿಸುತ್ತವೆ. ಪರೀಕ್ಷೆಯ ವರ್ಷದಲ್ಲಿ ಮಗಳ ಕೈಗೆ ಕೊಡುವ ಯಂತ್ರಕ್ಕೆ ಈ ಪ್ರಯೋಗ ಬೇಡ.

ಹಾಗಾದರೆ ರಿಯಾಯಿತಿಯ ಯಂತ್ರವೇ ಬೇಡವೇ? ಹಾಗಲ್ಲ. ‘ತಯಾರಿಕೆ ನಿಂತಿದೆ’ ಎಂಬುದರಲ್ಲಿ ಎರಡು ಬಗೆ. ಕಂಪನಿ ಆ ವ್ಯವಹಾರವನ್ನೇ ಬಿಟ್ಟದ್ದು ಒಂದು. ಹೊಸ ಮಾದರಿ ಬಂದು ಹಳೆಯ ಮಾದರಿ ನಿಂತದ್ದು ಇನ್ನೊಂದು. ಎರಡನೆಯದರಲ್ಲಿ ರಿಯಾಯಿತಿ ಚಿಕ್ಕದು, ಆದರೆ ಅಪ್‌ಡೇಟ್, ಬಿಡಿಭಾಗ ಎರಡೂ ಮುಂದುವರಿಯುತ್ತವೆ. 2021ರ ಒಂಬತ್ತನೇ ಪೀಳಿಗೆಯ ಐಪ್ಯಾಡ್ ಇದಕ್ಕೆ ಒಳ್ಳೆಯ ಉದಾಹರಣೆ: 2024ರಲ್ಲಿ ಮಾರಾಟ ನಿಂತರೂ 2025ರ ಐಪ್ಯಾಡ್‌ಓಎಸ್ 26 ಅದಕ್ಕೆ ಬಂತು. ಆ್ಯಪಲ್ ಒಂದು ಮಾದರಿಯ ಮಾರಾಟ ನಿಲ್ಲಿಸಿ 5 ವರ್ಷವಾದ ಮೇಲಷ್ಟೇ ಅದನ್ನು ‘ವಿಂಟೇಜ್’ (ಹಳತು) ಪಟ್ಟಿಗೆ, 7 ವರ್ಷಕ್ಕೆ ‘ಆಬ್ಸೊಲೀಟ್’ (ಬಳಕೆ ಮೀರಿದ್ದು) ಪಟ್ಟಿಗೆ ಸೇರಿಸುತ್ತದೆ. ಬಿಡಿಭಾಗದ ಚಿಂತೆ ಶುರುವಾಗುವುದು ಆಮೇಲೆ. ಆಂಡ್ರಾಯ್ಡ್‌ನಲ್ಲೂ ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಎಂದು ಮಾದರಿವಾರು ಬರೆದು ಹೇಳುವ ಕಂಪನಿಗಳಿವೆ. ವರ್ಷ ಎಣಿಸುವುದು ಆ ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಹಿಂದಿನ ವರ್ಷದ ಅಂಥ ಒಂದು ಮಾದರಿ, ಕನಿಷ್ಠ 4 ಜಿಬಿ ರ್ಯಾಮ್, 64 ಜಿಬಿ ಸ್ಟೋರೇಜ್, ಆಂಡ್ರಾಯ್ಡ್ 14 ಅಥವಾ ಮುಂದಿನದು, ಶೇ 20ರಿಂದ 30ರ ರಿಯಾಯಿತಿಯಲ್ಲಿ ಸಿಕ್ಕರೆ ಮಗಳಿಗೆ ಅದನ್ನು ಕೊಡಿಸಿ. ಪಿಯುಸಿ ಮುಗಿಸಿ ಪದವಿಯ ಮೊದಲ ವರ್ಷಗಳಿಗೂ ಬರುತ್ತದೆ. ನೀವು ನೋಡಿರುವ ಟ್ಯಾಬ್ಲೆಟ್ಟನ್ನು ಈಗಾಗಲೇ ಆರ್ಡರ್ ಮಾಡಿದ್ದರೆ, ರವಾನೆಯಾಗುವ ಮೊದಲೇ ರದ್ದು ಮಾಡಿ. ರವಾನೆಯಾದ ಮೇಲೆ ‘ವಾಪಸ್ ಇಲ್ಲ’ ಎಂಬ ಷರತ್ತನ್ನು ಮುಂದೆ ಮಾಡುತ್ತಾರೆ.